ಒಂದೇ ಮನೆಯಲ್ಲಿ ಐದು ಕಾಳು

ಭಾರತಮ್ಮನ ಗಂಡ ಆಂಜಿನಪ್ಪ ಆಲೂಗಡ್ಡೆ ಲಾರಿಯ ಕ್ಲೀನರು. ಒಂದು ಸಲ ಮದ್ರಾಸಿಗೆ ಲೋಡಿನ ಜೊತೆ ಹೋದವನು ಅಲ್ಲೇ ಇನ್ನೊಂದು ಒಲೆ ಹೂಡಿದ. ಹುಡುಕಿಕೊಂಡು ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಒಂದು ಟ್ರಂಕು ಹಿಡಿದು ಹುತ್ತೂರಿನ ತವರಿಗೆ ಬಂದಳು. ಅಲ್ಲಿ ತಾಯಿ ಅಕ್ಕಯಮ್ಮ ಇದ್ದಳು, ಅಣ್ಣ ಅತ್ತಿಗೆ ಇದ್ದರು, ಹಿತ್ತಲ ಕೋಣೆಯ ತುಂಬ ರೇಷ್ಮೆಹುಳು ಇದ್ದವು.

ಹುಳು ಸಾಕುವುದರಲ್ಲಿ ಅವಳಂಥ ಕೈ ಸುತ್ತಿನ ಊರುಗಳಲ್ಲಿರಲಿಲ್ಲ. ಸೊಪ್ಪು ಹಾಕಿದ ಮೇಲೆ ಹುಳುಗಳು ತಟ್ಟೆಯ ಒಂದು ಕಡೆ ಗುಂಪುಗೂಡಿದರೆ ಅಡಿಯವು ಬಿಸಿಗೆ ಬೇಯುತ್ತವೆ, ಒಂದು ಕೊಳೆತರೆ ಹತ್ತು ಕೊಳೆಯುತ್ತವೆ. ಭಾರತಮ್ಮ ಬಾಯಲ್ಲಿ ಯಾರದೋ ಮನೆಯ ಮದುವೆ ಸುದ್ದಿ ಹೇಳುತ್ತಿದ್ದರೂ ಅವಳ ಬೆರಳು ದಟ್ಟವಾದಲ್ಲಿಂದ ಎತ್ತಿ ತೆಳುವಾದಲ್ಲಿಗೆ ಇಡುತ್ತಲೇ ಇರುತ್ತಿತ್ತು. ಆದರೆ ಹುಳು ಅಣ್ಣನದು, ತಟ್ಟೆ ಅಣ್ಣನದು. ಊಟಕ್ಕೆ ಕೂತಾಗ ಅತ್ತಿಗೆ ಅವಳಿಗೆ ಎರಡನೇ ಮುದ್ದೆಯನ್ನು ಬೇಕಾ ಎಂದು ಕೇಳಿ ಹಾಕುತ್ತಿದ್ದಳು. ಉಳಿದವರಿಗೆ ಕೇಳದೆ ಹಾಕುತ್ತಿದ್ದಳು. ಅಷ್ಟೇ ವ್ಯತ್ಯಾಸ. ಆ ಅಷ್ಟೇ ವ್ಯತ್ಯಾಸ ಗಂಟಲಿಗೆ ಸಿಕ್ಕಿಕೊಂಡು, ಎಪ್ಪತ್ತನಾಲ್ಕರ ಮಳೆಗಾಲದಲ್ಲಿ ಅವಳು ಕೋಲಾರದ ಒಂದು ಖಾಸಗಿ ಕಾಲೇಜಿನಲ್ಲಿ ದಿನಗೂಲಿ ಅಟೆಂಡರಾಗಿ ಸೇರಿದಳು. ಆಗ ಅವಳಿಗೆ ಇಪ್ಪತ್ತಾರು. ಎಂದಾದರೂ ಖಾಯಂ ಆದರೆ ಕೋಲಾರದಲ್ಲೇ ಒಂದು ಕೋಣೆ ಹಿಡಿದು ತಾಯಿಯನ್ನು ಕರೆದುಕೊಂಡು ಬರಬೇಕು, ಯಾರೂ ಕೇಳಿ ಬಡಿಸದ ಊಟ ಉಣ್ಣಬೇಕು. ಅವಳ ಆಸೆ ಇದಿಷ್ಟೇ.

ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಹಳೆಯ ಅಟೆಂಡರು ಪೆದ್ದಪ್ಪ ಅವಳಿಗೆ ಕೆಲಸ ಕಲಿಸಿದ. ಮುಳಬಾಗಿಲಿನ ಆಚೆಯವನು, ಅರ್ಧ ಮಾತು ತೆಲುಗು. "ಈ ಸೀಸೆ ಮುಟ್ಬೇಡ, ಆ ಸೀಸೆ ಮುಟ್ಬೇಡ, ಆ ಮೂಲೇಲಿ ಕೂತಿರೋ ಅಯ್ಯನ್ನಂತೂ ಮುಟ್ಲೇಬೇಡ" ಎಂದು ಮೂಲೆಯ ಮೇಜಿನತ್ತ ತೋರಿಸಿದ.

ಮೂಲೆಯಲ್ಲಿದ್ದವರು ಲೆಕ್ಚರರ್ ಶ್ರೀನಿವಾಸಪ್ಪ, ಶ್ರೀನಿವಾಸಪುರದ ಕಡೆ ಯಲ್ದೂರಿನವರು. ಮನೆಯವರೆಲ್ಲ ಮಾವಿನ ತೋಟದಲ್ಲಿದ್ದರೆ ಇವರೊಬ್ಬರು ಓದಿ ಮೇಲೆ ಬಂದಿದ್ದರು. ಮೆತ್ತಗೆ ಮಾತಾಡುವ ಮನುಷ್ಯ, ಅಂಗಿಯ ಕೊನೆ ಗುಂಡಿ ಯಾವಾಗಲೂ ಹಾಕಿರುತ್ತಿರಲಿಲ್ಲ. ಅವರ ಮುಂದೆ ದೇವರಾಯಸಮುದ್ರದ ಕೆರೆಯಿಂದ ತಂದ ನೀರುಸೊಪ್ಪಿನ ಜಾಡಿಗಳಿದ್ದವು. ಒಂದು ದಿನ ಅವಳನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಡಲು ಹೇಳಿದರು. ದಾರದ ಚೂರಿನಂಥದೊಂದು ಜೀವ, ತುದಿಯಲ್ಲಿ ಐದಾರು ಎಳೆ ಬಿಚ್ಚಿಕೊಂಡು ನೀರಲ್ಲಿ ತೂಗುತ್ತಿತ್ತು.

"ಇದು ಹೈಡ್ರಾ. ನಿನ್ನೆ ಇದರ ತಲೆ ಕತ್ತರಿಸಿದ್ದೆ" ಎಂದರು. "ಗಾಯ ಮುಚ್ಚಿಕೊಂಡಿದೆ. ನಾಡಿದ್ದಿಗೆ ಹೊಸ ತಲೆ ಬರುತ್ತೆ. ಇದರ ಮೈಯೊಳಗೆ ಮೇಸ್ತ್ರಿ ಅಂತ ಯಾರೂ ಇಲ್ಲ ಭಾರತಮ್ಮ. ಆದ್ರೂ ಒಂದೊಂದು ಜೀವಕೋಶಕ್ಕೂ ತಾನು ಎಲ್ಲಿಗೆ ಹೋಗಿ ನಿಲ್ಲಬೇಕು ಅಂತ ಗೊತ್ತು. ಹೆಂಗೆ?"

ಅವರು ಉತ್ತರ ಬಯಸಿ ಕೇಳಿದ್ದಲ್ಲ. ಅವಳು ಮಾತ್ರ ಕಣ್ಣು ತೆಗೆಯದೆ ಹೇಳಿದಳು: "ಪಕ್ಕದೋರನ್ನ ನೋಡ್ಕೊಂಡಿರ್ಬೇಕು ಸಾರ್."

ಶ್ರೀನಿವಾಸಪ್ಪ ಥಟ್ಟನೆ ಅವಳತ್ತ ತಿರುಗಿದರು. ಅವರು ಪಿಎಚ್‌ಡಿಗೆ ಬರೆದುಕೊಟ್ಟ ವಿಷಯವೇ ಅದಾಗಿತ್ತು. ಹೇಳಿಕೊಡುವವರಿಲ್ಲದೆ, ಪಕ್ಕದವರನ್ನಷ್ಟೇ ನೋಡಿ ನಡೆದರೆ ಗಾಯವೊಂದು ಮುಚ್ಚುತ್ತದೆಯೇ? ಇದನ್ನು ಲೆಕ್ಕ ಹಾಕಿ ನೋಡಲು ಕಂಪ್ಯೂಟರ್ ಬೇಕು. ಅದಿದ್ದದ್ದು ಬೆಂಗಳೂರಿನಲ್ಲಿ, ಮತ್ತು ಅದರ ಕೋಣೆಗೆ ಕೋಲಾರದ ಲೆಕ್ಚರರನ್ನು ಯಾರೂ ಬಿಟ್ಟುಕೊಳ್ಳುವ ಹಾಗಿರಲಿಲ್ಲ. ಹಾಗಾಗಿ ಶ್ರೀನಿವಾಸಪ್ಪ ಬಡಗಿಯಿಂದ ಒಂದು ಮಣೆ ಮಾಡಿಸಿದರು. ಉದ್ದಕ್ಕೆ ಮೂವತ್ತು, ಅಡ್ಡಕ್ಕೆ ಮೂವತ್ತು ಮನೆ. ಪ್ರತಿ ಮನೆಗೂ ಒಂದು ಕುಳಿ, ಕುಳಿಯಲ್ಲಿ ಹುರುಳಿಕಾಳು. ಒಂದು ಕಾಳು ಅಂದರೆ ಒಂದು ಜೀವಕೋಶ. ನಡುವೆ ಅಂಗೈಯಗಲ ಖಾಲಿ ಬಿಟ್ಟರೆ ಅದು ಗಾಯ.

ನಿಯಮ ಮೂರು. ಗಾಯದ ಕಡೆ ಕಾಳಿನ ಮುಂದಿನ ಮನೆ ಖಾಲಿಯಿದ್ದು ಬೆನ್ನಿಗೆ ಎರಡು ತುಂಬಿದ ಮನೆಗಳಿದ್ದರೆ ಅದು ಒಂದು ಹೆಜ್ಜೆ ಮುಂದಿಡಬೇಕು, ಇಲ್ಲದಿದ್ದರೆ ಇದ್ದಲ್ಲೇ ಇರಬೇಕು. ಅಕ್ಕಪಕ್ಕ ಯಾರೂ ಇಲ್ಲದ ಒಂಟಿ ಕಾಳು ಸತ್ತ ಹಾಗೆ, ಅದನ್ನು ತೆಗೆಯಬೇಕು. ಐದು ಸುತ್ತಿಗೊಮ್ಮೆ ಗಾಯದ ಹತ್ತಿರದ ಕಾಳು ಎರಡಾಗುತ್ತದೆ, ಮರಿ ತಾಯಿಯ ಮನೆಯಲ್ಲೇ ಕೂರುತ್ತದೆ. ಯಾವ ಕಾಳಿನ ಸರದಿ ಮೊದಲು ಎನ್ನುವುದಕ್ಕೆ ತಗಡಿನ ಡಬ್ಬದಿಂದ ಚೀಟಿ ಎತ್ತಬೇಕು. ಒಂದು ಸುತ್ತು ಮುಗಿದ ಮೇಲೆ ಚೌಕದ ಹಾಳೆಯಲ್ಲಿ ಎಲ್ಲಿ ಕಾಳಿದೆ, ಎಲ್ಲಿ ಇಲ್ಲ ಎಂದು ಗುರುತಿಸಬೇಕು.

ಐದನೇ ಕ್ಲಾಸಿನವರೆಗೆ ಓದಿದ ಭಾರತಮ್ಮ ಇದನ್ನೆಲ್ಲ ಎರಡೇ ದಿನಕ್ಕೆ ಕಲಿತಳು. ನಲವತ್ತು ಸುತ್ತಿನ ಒಂದು ಆಟಕ್ಕೆ ನಾಲ್ಕು ದಿನ ಹಿಡಿಯುತ್ತಿತ್ತು. ಮಧ್ಯಾಹ್ನದ ಹೊತ್ತು, ಲ್ಯಾಬಿನ ಕಿಟಕಿಯಲ್ಲಿ ಅಂತರಗಂಗೆಯ ಬೆಟ್ಟ ಬಿಸಿಲಿಗೆ ಬೆಳ್ಳಗಾಗಿ ನಿಂತಿರುವಾಗ, ಅವಳು ಮಣೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತಿದ್ದಳು. ಪೆದ್ದಪ್ಪ ಹಾದುಹೋಗುವಾಗಲೆಲ್ಲ ನಿಂತು ಕೇಳುತ್ತಿದ್ದ: "ಏಮಮ್ಮಾ, ಹುರುಳಿಕಾಳು ಬಸ್ಸಾರು ಎಷ್ಟೊತ್ತಿಗೆ?"

"ನಿನ್ ಎಲೆ ಹಾಕ್ಕೊಂಡು ಕೂತ್ಕೋ. ಎಂಟು ವರ್ಷಕ್ಕೆ ಬಡಿಸ್ತೀನಿ."

ಮೊದಲ ಆಟದ ಮೂವತ್ತಾರನೇ ಸುತ್ತಿಗೆ ಗಾಯ ಮುಚ್ಚಿತು. ಅಂಚಿನಿಂದ ಅಂಚಿಗೆ ಒಂದು ಖಾಲಿ ಮನೆಯಿಲ್ಲ. ಶ್ರೀನಿವಾಸಪ್ಪ ಕನ್ನಡಕ ತೆಗೆದು ಒರೆಸಿದರು. ಎರಡನೆಯ ಆಟದಲ್ಲೂ ಮುಚ್ಚಿತು. ಗಾಯವನ್ನು ಅಗಲ ಮಾಡಿದರು, ಮೂಲೆಗೆ ಸರಿಸಿದರು, ಉದ್ದಕ್ಕೆ ಸೀಳಿದರು. ಎಲ್ಲವೂ ಮುಚ್ಚಿದವು. ಮೂರು ವರ್ಷದಲ್ಲಿ ನೂರ ನಲವತ್ತು ಗಾಯಗಳು. ಸಂಜೆ ಹುತ್ತೂರಿನ ಬಸ್ಸಿನಲ್ಲಿ ಕೂತಾಗ ಅವಳಿಗೆ ತನ್ನ ಬೆರಳುಗಳನ್ನು ಮಡಿಲಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕು ಅನ್ನಿಸುತ್ತಿತ್ತು.

"ಮೂರೇ ಮೂರು ನಿಯಮ ಸಾಕು ಕಣಮ್ಮ" ಎಂದರು ಶ್ರೀನಿವಾಸಪ್ಪ. ಹಾಳೆಗಳನ್ನು ಬೆಂಗಳೂರಿಗೆ ಒಯ್ದು ಒಂದು ಸಭೆಯಲ್ಲಿ ತೋರಿಸಿದರು, ಅದು ಅಚ್ಚೂ ಆಯಿತು. "ನಂದು ಪಿಎಚ್‌ಡಿ ಮುಗೀಲಿ. ನಿನ್ನ ಹೆಸರು ಖಾಯಂ ಪಟ್ಟಿಗೆ ಹಾಕಿ ಅಂತ ನಾನೇ ಬರೆದುಕೊಡ್ತೀನಿ. ಇದು ನನ್ನ ಮಾತು."

ಆ ಸಭೆಯಿಂದಾಗಿ ಅವರಿಗೆ ಕಂಪ್ಯೂಟರಿನ ಕೋಣೆಯ ಬಾಗಿಲು ತೆರೆಯಿತು. ಎಪ್ಪತ್ತೆಂಟರಿಂದ ಪ್ರತಿ ಶನಿವಾರ, ಯಂತ್ರಕ್ಕೆ ಲೆಕ್ಕ ತಿಳಿಸುವ ತೂತು ಹೊಡೆದ ಕಾರ್ಡುಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದರು. ಅದೇ ಮೂರು ನಿಯಮ, ಅದೇ ಮಣೆ, ಅದೇ ಗಾಯ. ಆದರೆ ಯಂತ್ರದಲ್ಲಿ ಗಾಯ ಮುಚ್ಚಲಿಲ್ಲ. ಇನ್ನೂರು ಸುತ್ತಾದರೂ ಮುಚ್ಚಲಿಲ್ಲ.

ಮೊದಲು ನಕ್ಕರು. "ಎಲ್ಲೋ ಒಂದು ಕಾರ್ಡು ತಪ್ಪಾಗಿದೆ." ಒಂದು ವರ್ಷ ಕಾರ್ಡು ಹುಡುಕಿದರು. ಎರಡನೆಯ ವರ್ಷ ನಗುವುದು ನಿಂತಿತು. ಕೆನ್ನೆ ಒಳಗೆ ಹೋಯಿತು, ಪಾಠದ ಮಧ್ಯೆ ಸುಮ್ಮನೆ ನಿಂತುಬಿಡುತ್ತಿದ್ದರು. ಬೆಂಗಳೂರಿನ ಮಾರ್ಗದರ್ಶಕರು ಹೇಳಿಬಿಟ್ಟಿದ್ದರು: ಯಂತ್ರವೋ ಮಣೆಯೋ, ಯಾವುದೋ ಒಂದು ಸುಳ್ಳು ಹೇಳುತ್ತಿದೆ, ಯಾವುದು ಎಂದು ಗೊತ್ತಾಗದೆ ಪ್ರಬಂಧ ತರಬೇಡಿ.

ಒಂದು ಸೋಮವಾರ ಅವರು ಕ್ಲಾಸಿಗೆ ಹೋಗಿದ್ದಾಗ ಭಾರತಮ್ಮ ಮೇಜು ಒರೆಸುತ್ತಿದ್ದಳು. ಯಂತ್ರದಿಂದ ಬಂದ ಉದ್ದನೆಯ ಹಾಳೆ ಮೇಜಿನಿಂದ ನೆಲಕ್ಕೆ ಇಳಿಬಿದ್ದಿತ್ತು. ತುಂಬ ಅಂಕಿಗಳು. ಒಂದೊಂದು ಮನೆಯಲ್ಲಿ ಎಷ್ಟು ಕಾಳಿದೆಯೋ ಅಷ್ಟರ ಅಂಕಿ ಎಂದು ಅವರೇ ಹಿಂದೊಮ್ಮೆ ಹೇಳಿದ್ದರು. ಬಟ್ಟೆ ಹಿಡಿದ ಕೈ ನಿಂತಿತು. ಗಾಯದ ಅಂಚಿನಲ್ಲಿ ಸೊನ್ನೆಗಳು, ಸೊನ್ನೆಗಳ ಹಿಂದೆ ಮೂರು, ನಾಲ್ಕು, ಮತ್ತೆ ನಾಲ್ಕು, ಐದು.

"ಐದಾ?" ಎಂದಳು ಗಟ್ಟಿಯಾಗಿ. "ಒಂದೇ ಮನೇಲಿ ಐದು ಕಾಳಾ? ಯಾವಳು ಹಂಗೆ ಬಿಟ್ಟೋಳು?"

ಕೇಳಿದ ಕೂಡಲೇ ಬಟ್ಟೆಯನ್ನು ಮೇಜಿನ ಮೇಲಿಟ್ಟಳು. ತನ್ನ ನೂರ ನಲವತ್ತು ಆಟದಲ್ಲಿ ಒಂದು ಮನೆಯಲ್ಲೂ ಮೂರು ಕಾಳು ಕೂತದ್ದು ಅವಳಿಗೆ ನೆನಪಿರಲಿಲ್ಲ. ಕೂರಬಾರದೆಂದು ನಿಯಮವೂ ಇರಲಿಲ್ಲ.

ಮಧ್ಯಾಹ್ನ ಮಣೆ ಹಾಕಿ, ಯಂತ್ರದ ಹಾಳೆಯ ಅಂಕಿ ನೋಡಿ ಹಾಗೇ ಕಾಳು ತುಂಬಿದಳು. ಪೆದ್ದಪ್ಪನ ಕೈಗೆ ಅಳತೆಪಟ್ಟಿ ಕೊಟ್ಟಳು. "ಮಾವ, ಈ ಮೂರು ನಿಯಮ ಬಿಟ್ಟು ನನ್ ಕೈ ಏನಾದ್ರೂ ಮಾಡಿದ್ರೆ ಒಂದು ಏಟು ಹಾಕು."

"ಇದೇನೇ ಹೊಸ ಹರಕೆ?"

"ಹಾಕು ಅಂದ್ರೆ ಹಾಕು."

ಚೀಟಿ ಎತ್ತಿದಳು, ಕಾಳು ಇಟ್ಟಳು. ಚೀಟಿ ಎತ್ತಿದಳು. ಪಟ್ಟಿ ಬಿತ್ತು. "ಅದಿಗೋ!" ಎಂದ ಪೆದ್ದಪ್ಪ. "ಆ ಮನೆಯಿಂದ ಈ ಮನೆಗೆ ಯಾಕೆ ತಗೊಂಡೆ? ಚೀಟಿ ಎಲ್ಲಿ ಹೇಳ್ತು?" ಅವಳಿಗೆ ತಾನು ತೆಗೆದದ್ದೇ ಗೊತ್ತಾಗಿರಲಿಲ್ಲ. ಮತ್ತೆ ಆಡಿದಳು. "ಅದಿಗೋ, ಮಳ್ಳೀ! ಮತ್ತೆ ಅದೇ!" ಮತ್ತೆ ಪಟ್ಟಿ. ಒಂದು ಸುತ್ತು ಮುಗಿಯುವಷ್ಟರಲ್ಲಿ ಬೆರಳ ಗಿಣ್ಣು ಕೆಂಪಾಗಿತ್ತು, ಪೆದ್ದಪ್ಪನ ನಗು ಎಲ್ಲೋ ಹೋಗಿತ್ತು. ಹತ್ತೊಂಬತ್ತು ಏಟು. ಚೀಟಿ ಎತ್ತುವುದಕ್ಕೂ ಕಾಳು ಇಡುವುದಕ್ಕೂ ನಡುವೆ ಅವಳ ಕೈ ರೇಷ್ಮೆತಟ್ಟೆಯ ಮೇಲಾಡುವಂತೆ ಆಡುತ್ತಿತ್ತು. ದಟ್ಟವಾದಲ್ಲಿಂದ ಎತ್ತಿ ತೆಳುವಾದಲ್ಲಿಗೆ. ಇಷ್ಟು ವರ್ಷ ಗಾಯಗಳನ್ನು ಮುಚ್ಚಿದ್ದು ಶ್ರೀನಿವಾಸಪ್ಪನವರ ನಿಯಮಗಳಲ್ಲ.

ಪೆದ್ದಪ್ಪ ಬಾಗಿಲತ್ತ ನೋಡಿ ದನಿ ತಗ್ಗಿಸಿದ. "ನೋರು ಮೂಸ್ಕೋ, ಬಾಯಿ ಮುಚ್ಕೊಂಡಿರು. ಯಾರಿಗೂ ಹೇಳ್ಬೇಡ. ಆ ಅಯ್ಯ ಡಾಕ್ಟರಾದ್ರೆ ನೀನು ಖಾಯಂ. ನಿನ್ ಕೈಯಿಂದ ಅವರದು ಹಾಳಾಯ್ತು ಅಂತ ಗೊತ್ತಾದ್ರೆ ನಾಳೆಯಿಂದ ಹುತ್ತೂರಲ್ಲೇ ಇರ್ತೀಯ."

"ಇಲ್ಲದ ಕಡೆ ತಪ್ಪು ಹುಡುಕ್ತಾವ್ರೆ ಮಾವ. ಎರಡು ವರ್ಷದಿಂದ."

"ಹುಡುಕ್ಲಿ ಬಿಡು, ಸಂಬಳ ಬರುತ್ತೆ ಅವರಿಗೆ."

ಅವಳು ಆ ವಾರ ಹೇಳಲಿಲ್ಲ. ಶನಿವಾರ ಮಳೆ ಬಂತು. ಶ್ರೀನಿವಾಸಪ್ಪ ಕೊಡೆಯನ್ನು ತಮ್ಮ ತಲೆಗೆ ಹಿಡಿಯದೆ ಕಾರ್ಡಿನ ಪೆಟ್ಟಿಗೆಗೆ ಹಿಡಿದು ಬಸ್ ನಿಲ್ದಾಣದ ಕಡೆ ನಡೆಯುವುದನ್ನು ಕಿಟಕಿಯಿಂದ ನೋಡಿದಳು. ಸೋಮವಾರ ಬೆಳಿಗ್ಗೆ ಅವರು ಕುರ್ಚಿಯಲ್ಲಿ ಕೂರುವುದಕ್ಕೂ ಬಿಡದೆ ಹೇಳಿದಳು.

"ಯಂತ್ರದಲ್ಲಿ ತಪ್ಪಿಲ್ಲ ಸಾರ್. ನನ್ ಕೈಯಲ್ಲಿ ತಪ್ಪಿರೋದು."

ಎಲ್ಲ ಹೇಳಿದಳು. ಮಣೆಯ ಮೇಲೆ ಮಾಡಿಯೂ ತೋರಿಸಿದಳು. ಅವರು ಬಯ್ಯಲಿಲ್ಲ. ಅವಳ ಕೈಯನ್ನೇ ನೋಡುತ್ತ ಪೆನ್ನು ತೆಗೆದರು.

"ಎಷ್ಟು ಕಾಳಾದ್ರೆ ಎತ್ತುತ್ತೀಯ?"

"ಮೂರಾದ್ರೆ ಸಾರ್. ಎರಡಿದ್ರೆ ಬಿಡ್ತೀನಿ."

"ಎಲ್ಲಿಗೆ ಇಡ್ತೀಯ?"

"ಪಕ್ಕದ ಮನೇಲಿ ಒಂದೇ ಇದ್ರೆ ಅಲ್ಲಿಗೆ. ಅಲ್ಲೂ ಎರಡಿದ್ರೆ ಅದರ ಪಕ್ಕಕ್ಕೆ. ತೀರಾ ದೂರ ಇಡಲ್ಲ. ದೂರ ಇಟ್ರೆ ಹುಳ ಹೆದರ್ಕೊಂಡು ಮೇಯಲ್ಲ."

"ಮೊದಲು ಗಾಯದ ಕಡೆ ನೋಡ್ತೀಯೋ, ಗುಂಪಿನ ಕಡೆ ನೋಡ್ತೀಯೋ?"

"ಗುಂಪಿನ ಕಡೆ ಸಾರ್. ಗಾಯ ನೋಡೋದೇ ಇಲ್ಲ. ಗುಂಪು ಬಿಡಿಸಿದ್ರೆ ಖಾಲಿ ತಾನಾಗೇ ತುಂಬುತ್ತೆ."

ಆ ಮಾತಿನ ಕೆಳಗೆ ಅವರು ಎರಡು ಗೆರೆ ಎಳೆದರು. ನಾಲ್ಕು ದಿನ ಹೀಗೇ ಕೇಳಿದರು, ನಾಲ್ಕು ದಿನವೂ ಬರೆದುಕೊಂಡರು. ಅವಳು ತನ್ನ ಅಪರಾಧದ ವಿಚಾರಣೆ ನಡೆಯುತ್ತಿದೆ ಎಂದುಕೊಂಡು ಒಂದನ್ನೂ ಮುಚ್ಚಿಡದೆ ಉತ್ತರ ಕೊಟ್ಟಳು.

ತಿಂಗಳ ಮೇಲೆ ಅವರು ಬೆಂಗಳೂರಿನಿಂದ ಬಂದವರೇ ಮೆಟ್ಟಿಲಲ್ಲೇ ಕೂಗಿದರು: "ಮುಚ್ಚಿತು ಕಣಮ್ಮ! ಮೂವತ್ತೆಂಟನೇ ಸುತ್ತಿಗೆ ಮುಚ್ಚಿತು!" ಮೂರು ನಿಯಮದ ಜೊತೆ ನಾಲ್ಕನೆಯದೊಂದನ್ನು ಯಂತ್ರಕ್ಕೆ ಕಲಿಸಿದ್ದರು. ದಟ್ಟವಾದಲ್ಲಿಂದ ತೆಳುವಾದಲ್ಲಿಗೆ. ಹೈಡ್ರಾದ ಗಾಯದ ಅಂಚಿನಲ್ಲಿ ಜೀವಕೋಶಗಳನ್ನು ಎಣಿಸಿದರೂ ಅದೇ ಲೆಕ್ಕ ಬರುತ್ತಿತ್ತಂತೆ. ಅವಳಿಗೊಂದು ಪೊಟ್ಟಣ ಮೈಸೂರುಪಾಕು ತಂದಿದ್ದರು. ಲ್ಯಾಬಿನಲ್ಲೆಲ್ಲ ಹಂಚಿದಳು. ಪೆದ್ದಪ್ಪ ಎರಡು ತಿಂದ. ಹುತ್ತೂರಿಗೆ ಒಯ್ದ ನಾಲ್ಕು ಚೂರನ್ನು ಅತ್ತಿಗೆಗೂ ಕೇಳದೆ ಬಡಿಸಿದಳು.

ಪ್ರಬಂಧ ವಿಶ್ವವಿದ್ಯಾಲಯಕ್ಕೆ ಸೇರಿತು. ಆಮೇಲೆ ಪರೀಕ್ಷಕರ ಪ್ರಶ್ನೆ ಬಂತು. ಮೂರೇ ನಿಯಮ ಸಾಕು ಎಂದು ಮೊದಲು ಅಚ್ಚು ಮಾಡಿದ್ದೀರಿ, ಈಗ ಸಾಲದು ಅನ್ನುತ್ತೀರಿ. ಮಣೆಯ ಮೇಲಿನ ನೂರ ನಲವತ್ತು ಆಟಗಳು ಮುಚ್ಚಿದ್ದು ಹೇಗೆ?

ಶ್ರೀನಿವಾಸಪ್ಪ ಒಂದು ಕಾಗದ ಬೆರಳಚ್ಚು ಮಾಡಿಸಿ ತಂದರು. ಇಂಗ್ಲಿಷಿನಲ್ಲಿತ್ತು. ಅವಳಿಗೆ ಕನ್ನಡದಲ್ಲಿ ಓದಿ ಹೇಳಿದರು. 'ಅಟೆಂಡರ್ ಭಾರತಮ್ಮ ಆದ ನಾನು, ನನಗೆ ಕೊಟ್ಟ ಸೂಚನೆಗಳನ್ನು ಮೀರಿ, ಯಾರ ಅನುಮತಿಯೂ ಇಲ್ಲದೆ, ಸ್ವಂತ ಬುದ್ಧಿಯಿಂದ ಕಾಳುಗಳನ್ನು ಸ್ಥಳಾಂತರಿಸಿರುತ್ತೇನೆ. ಫಲಿತಾಂಶದಲ್ಲಿ ಉಂಟಾದ ದೋಷಕ್ಕೆ ನಾನೇ ಹೊಣೆ.'

"ಇದಕ್ಕೆ ನಿನ್ನ ಸಹಿ ಬೇಕಮ್ಮ. ಇಲ್ದಿದ್ರೆ ನಾನೇ ಸುಳ್ಳು ಲೆಕ್ಕ ಬರೆದೆ ಅಂತಾರೆ."

ಅವಳು ಕಾಗದವನ್ನು ತಿರುಗಿಸಿ ನೋಡಿದಳು. "ಆ ನಾಲ್ಕನೇದು ಎಲ್ಲಿದೆ ಸಾರ್?"

"ಅದನ್ನ ಬೇರೆ ಅಧ್ಯಾಯದಲ್ಲಿ ಬರೆದಿದ್ದೀನಿ."

"ಅಲ್ಲಿ ನನ್ ಹೆಸರಿದೆಯಾ?"

ಶ್ರೀನಿವಾಸಪ್ಪ ಹೈಡ್ರಾ ಜಾಡಿಯ ಮುಚ್ಚಳ ಸರಿಮಾಡಿದರು. ಅದು ಸರಿಯಾಗಿಯೇ ಇತ್ತು. "ಅಲ್ಲಿ ಅಟೆಂಡರ ಹೆಸರು ಹಾಕೋ ಪದ್ಧತಿ ಇಲ್ಲಮ್ಮ."

"ಇಲ್ಲಿ ಇದೆ."

ಅವರು ಪೆನ್ನಿನ ಮುಚ್ಚಳ ತೆಗೆದು ಮುಂದೆ ಹಿಡಿದರು. ಕೆಟ್ಟವರಲ್ಲ ಎಂದು ಅವಳಿಗೆ ಗೊತ್ತಿತ್ತು. ಅವರ ಕಿವಿ ಕೆಂಪಾಗಿತ್ತು. ಮಾಡಿದ್ದು ತಾನೇ ಹೌದಲ್ಲ, ಕಾಗದದಲ್ಲಿ ಸುಳ್ಳೇನೂ ಇಲ್ಲ ಎಂದುಕೊಂಡು ಭಾರತಮ್ಮ ಪೆನ್ನು ತೆಗೆದುಕೊಂಡು, ಒತ್ತಕ್ಷರವನ್ನೂ ಬಿಡದೆ, ನಿಧಾನವಾಗಿ ಸಹಿ ಹಾಕಿದಳು.

ಎಂಬತ್ತೆರಡರಲ್ಲಿ ಶ್ರೀನಿವಾಸಪ್ಪ ಡಾಕ್ಟರಾದರು. ಬೆಂಗಳೂರಿನಲ್ಲಿ ಕೆಲಸವಾಯಿತು. ಹೋಗುವ ಮುನ್ನ ಮಾತಿಗೆ ತಪ್ಪದೆ ಎರಡು ಪುಟದ ಶಿಫಾರಸು ಬರೆದು ಕಚೇರಿಗೆ ಕೊಟ್ಟರು. ಶ್ರದ್ಧೆಯುಳ್ಳವಳು, ನಂಬಿಕಸ್ಥಳು, ಖಾಯಂ ಮಾಡತಕ್ಕದ್ದು. ಅವಳ ಸಹಿಯ ಕಾಗದದ ಪ್ರತಿಯೂ ವಿಶ್ವವಿದ್ಯಾಲಯದಿಂದ ಅದೇ ಕಚೇರಿಗೆ ಬಂತು. ಗುಮಾಸ್ತ ಅಶ್ವತ್ಥಪ್ಪ ಎರಡನ್ನೂ ಒಂದೇ ಕಡತದಲ್ಲಿ, ಒಂದರ ಮೇಲೊಂದು ಇಟ್ಟು ದಾರ ಕಟ್ಟಿದ. ಯಲ್ದೂರಿನ ಮಾವಿನಹಣ್ಣಿನ ಬುಟ್ಟಿ ಒಂದು ಬೇಸಿಗೆಯಲ್ಲಿ ಅವಳಿಗೆ ಬಂತು, ಮರುವರ್ಷ ಬರಲಿಲ್ಲ.

ಎಂಬತ್ತೈದರಲ್ಲಿ ಮೂವರು ದಿನಗೂಲಿಯವರಲ್ಲಿ ಇಬ್ಬರನ್ನು ಖಾಯಂ ಮಾಡುವುದೆಂದು ತೀರ್ಮಾನವಾಯಿತು. ಭಾರತಮ್ಮ ಉಳಿದಿಬ್ಬರಿಗಿಂತ ಐದು ವರ್ಷ ಹಳಬಳು. ನಿವೃತ್ತನಾಗಿದ್ದ ಪೆದ್ದಪ್ಪ ಸಂದರ್ಶನದ ದಿನ ಬೇಕೆಂದೇ ಬಂದು ಕಾಲೇಜಿನ ಗೇಟಿನಲ್ಲಿ ಅವಳನ್ನು ನಿಲ್ಲಿಸಿದ.

"ಕಡತದಲ್ಲಿ ಆ ಕಾಗದ ಇದೆ, ಅಶ್ವತ್ಥಪ್ಪ ಹೇಳ್ದ. ಕೇಳೇ ಕೇಳ್ತಾರೆ. ನಂಗೆ ಇಂಗ್ಲಿಷ್ ಬರಲ್ಲ, ಸಾರ್ ಹಾಕು ಅಂದ್ರು, ಹಾಕ್ದೆ, ನಾನು ಒಂದು ಕಾಳೂ ಅತ್ತಿತ್ತ ಮಾಡ್ಲಿಲ್ಲ ಅನ್ನು. ಆ ಅಯ್ಯ ಬೆಂಗಳೂರಲ್ಲವ್ರೆ, ಅವರದ್ದೇನೂ ಹೋಗಲ್ಲ. ವಿನ್ನಾವಾ?"

"ಕೇಳಿಸ್ತು ಮಾವ."

ಒಳಗೆ ಆಡಳಿತ ಮಂಡಳಿಯ ಚನ್ನರಾಯಪ್ಪ ನಡುವಿನ ಕುರ್ಚಿಯಲ್ಲಿದ್ದರು. ಅಕ್ಕಿ ಗಿರಣಿಯವರು, ಮಾತಿನಲ್ಲಿ ಒರಟು, ಆದರೆ ಕನಿಕರವಿದ್ದ ಮನುಷ್ಯ. ಶಿಫಾರಸನ್ನು ಓದಿ ತಲೆಯಾಡಿಸಿದರು. ಪುಟ ತಿರುಗಿಸಿದರು. ಹುಬ್ಬು ಗಂಟಾಯಿತು.

"ಇದೇನಮ್ಮ ಇದು? ಹೇಳಿದ ಕೆಲಸ ಮಾಡದೆ ಸ್ವಂತ ಬುದ್ಧಿ ಓಡಿಸ್ದೆ ಅಂತ ಬರೆದುಕೊಟ್ಟಿದ್ದೀಯ? ಇಂಥಾ ಕಾಗದ ಇಟ್ಕೊಂಡು ನಾನು ಹೆಂಗೆ ಖಾಯಂ ಮಾಡ್ಲಿ? ಲ್ಯಾಬಲ್ಲಿ ಆಸಿಡ್ ಇರುತ್ತೆ, ನಾಳೆ ಅದನ್ನೂ ಸ್ವಂತ ಬುದ್ಧಿಯಿಂದ ಸ್ಥಳಾಂತರ ಮಾಡ್ತೀಯಾ?"

ಪಕ್ಕದವರು ನಕ್ಕರು. ಚನ್ನರಾಯಪ್ಪ ನಗಲಿಲ್ಲ. ದನಿ ಇಳಿಸಿ, ದಾರಿ ಬಿಟ್ಟುಕೊಡುವವರಂತೆ ಕೇಳಿದರು: "ಓದ್ದೆ ಸಹಿ ಹಾಕಿದ್ದೀಯೇನೋ. ಇಂಗ್ಲಿಷಲ್ಲಿದೆ. ಯಾರೋ ಬರೆದದ್ದು, ಅಲ್ವಾ? ನೀನು ಹಂಗೇನೂ ಮಾಡಿಲ್ಲ. ಹೇಳು, ಬರ್ಕೋತಾರೆ."

ಅಶ್ವತ್ಥಪ್ಪ ಪೆನ್ನು ಎತ್ತಿ ಕಾಯುತ್ತಿದ್ದ. ಅವಳು 'ಹೌದು' ಎಂದರೆ ಸಾಕಿತ್ತು. ಕೋಲಾರದಲ್ಲೊಂದು ಕೋಣೆ, ತಾಯಿಗೊಂದು ಚಾಪೆ, ತನ್ನದೇ ಒಲೆ. ಹನ್ನೊಂದು ವರ್ಷದಿಂದ ಬಸ್ಸಿನಲ್ಲಿ ಕೂತು ಜೋಡಿಸಿಟ್ಟುಕೊಂಡ ಸಾಮಾನುಗಳೆಲ್ಲ ಆ ಪೆನ್ನಿನ ತುದಿಯಲ್ಲಿದ್ದವು. ಆದರೆ 'ನಾನು ಮಾಡಿಲ್ಲ' ಎಂದ ಮೇಲೆ ಆ ಗಾಯಗಳನ್ನು ಮುಚ್ಚಿದವರು ಯಾರು? ಅಲ್ಲಿ, ಶ್ರೀನಿವಾಸಪ್ಪನವರ ಪ್ರಬಂಧದ ದಪ್ಪ ಪುಸ್ತಕದಲ್ಲಿ, ಅವಳ ಹೆಸರಿಲ್ಲ. ಜಗತ್ತಿನಲ್ಲಿ ಆ ಕೆಲಸದ ಪಕ್ಕ ಅವಳ ಹೆಸರಿದ್ದದ್ದು ಈ ಒಂದೇ ಹಾಳೆಯಲ್ಲಿ, ಅದೂ ತಪ್ಪು ಎಂಬ ಮಾತಿನ ಕೆಳಗೆ. ಈಗ ಇಲ್ಲಿಂದಲೂ ಅಳಿಸಬೇಕು.

"ನಾನೇ ಮಾಡಿದ್ದು ಸಾರ್" ಎಂದಳು. "ಓದಿಸ್ಕೊಂಡೇ ಸಹಿ ಹಾಕಿದ್ದು."

"ಯೋಚ್ನೆ ಮಾಡಿ ಹೇಳಮ್ಮ."

"ನೂರ ನಲವತ್ತೂ ನಾನೇ ಮಾಡಿದ್ದು."

ಚನ್ನರಾಯಪ್ಪ ಉಸಿರು ಬಿಟ್ಟು ಕಡತ ಮುಚ್ಚಿದರು. ಅಶ್ವತ್ಥಪ್ಪ ಒಂದು ಸಾಲು ಬರೆದ. ಹೊರಗೆ ಕಾಯುತ್ತಿದ್ದ ಮುಂದಿನವನನ್ನು ಕರೆದರು.

ಸಂಜೆ ಕಚೇರಿ ಖಾಲಿಯಾಗುವವರೆಗೂ ಅವಳು ವರಾಂಡದಲ್ಲಿದ್ದಳು. ಅಶ್ವತ್ಥಪ್ಪ ಬೀರು ಮುಚ್ಚಲು ಎದ್ದಾಗ ಬಾಗಿಲಿಗೆ ಬಂದು ನಿಂತಳು.

"ಅಣ್ಣಾ, ನಾನು ಸಹಿ ಹಾಕಿದ್ ಕಾಗದ್ದು ಒಂದು ಕಾಪಿ ಕೊಡ್ತೀಯಾ?"

"ಅದ್ಯಾಕಮ್ಮ ನಿಂಗೆ? ಅದ್ರಿಂದಾನೇ ಹೋಯ್ತಲ್ಲ ಎಲ್ಲಾ."

"ಇಟ್ಕೋತೀನಿ."

ಅಶ್ವತ್ಥಪ್ಪ ಅವಳ ಮುಖ ನೋಡದೆ ಕಡತವನ್ನು ಉಳಿದ ಕಡತಗಳ ನಡುವೆ ತುರುಕಿದ. "ಕಾಪಿ ಕೇಳೋ ಹಕ್ಕು ಖಾಯಂ ಆದೋರಿಗೆ ಕಣಮ್ಮ" ಎಂದು ಬೀರುವಿಗೆ ಬೀಗ ಹಾಕಿ, ಎಳೆದು ನೋಡಿ, ಕೀಲಿಯನ್ನು ಜೇಬಿಗಿಟ್ಟುಕೊಂಡ.